ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ: ಕಬ್ಬಿನ ಟ್ರೇಲರ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ತಾಂಡ್ಯ (ನಂಜನಗೂಡು ತಾಲ್ಲೂಕು): ಮೈಸೂರು–ನಂಜನಗೂಡು ಹೆದ್ದಾರಿಯಲ್ಲಿ ಸಂಜೆ ಸಂಚರಿಸಿದವರಿಗೆ ಈ ದೃಶ್ಯ ಹೊಸದಲ್ಲ. ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದ ಕಾರ್ಮಿಕರ ಬೈಕುಗಳು, ಕಂಪನಿ ಬಸ್ಸುಗಳು, ಊಟಿ ಮತ್ತು ವಯನಾಡಿನತ್ತ ಧಾವಿಸುವ ಪ್ರವಾಸಿಗರ ಕಾರುಗಳು ಒಂದೇ ರಸ್ತೆಯನ್ನು ಹಂಚಿಕೊಂಡಿರುತ್ತವೆ. ಇವುಗಳ ನಡುವೆ ಕಬ್ಬಿನ ರಾಶಿಯೊಂದು ನಿಧಾನವಾಗಿ ಚಲಿಸುತ್ತಿರುತ್ತದೆ. ಅದನ್ನು ಎಳೆಯುತ್ತಿರುವ ಟ್ರ್ಯಾಕ್ಟರ್ ಹಿಂದಿನಿಂದ ಬರುವವರಿಗೆ ಕಾಣುವುದಿಲ್ಲ. ಹಿಂಬದಿಯ ದೀಪವಿದ್ದರೂ ಇಳಿಬಿದ್ದ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಕತ್ತಲಾದ ಮೇಲಂತೂ ತೀರಾ ಸಮೀಪಕ್ಕೆ ಬರುವವರೆಗೆ ಅಲ್ಲೊಂದು ವಾಹನವಿದೆ ಎಂಬುದೇ ತಿಳಿಯುವುದಿಲ್ಲ.

ಕಬ್ಬು ಅರೆಯುವ ಹಂಗಾಮು ಬಂತೆಂದರೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ರಸ್ತೆಗಳಲ್ಲಿ ಟ್ರೇಲರ್‌ಗಳ ಓಡಾಟ ಹೆಚ್ಚುತ್ತದೆ. ಅದರೊಂದಿಗೆ ಅಪಘಾತದ ಆತಂಕವೂ ಹೆಚ್ಚುತ್ತದೆ. ಟ್ರೇಲರ್ ಎಂದರೇನು, ಅದು ಏಕೆ ಅಪಾಯಕಾರಿಯಾಗುತ್ತದೆ, ಕಾಯ್ದೆ ಏನು ಹೇಳುತ್ತದೆ, ಎಳೆಯುವವರು ಮತ್ತು ಹಿಂದೆ ಬರುವವರು ಏನು ಮಾಡಬೇಕು ಎಂಬುದರ ವಿವರ ಇಲ್ಲಿದೆ.

ಏನಿದು ಟ್ರೇಲರ್?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮತ್ತೊಂದು ಮೋಟಾರು ವಾಹನದಿಂದ ಎಳೆಯಲ್ಪಡುವ ವಾಹನವೇ ಟ್ರೇಲರ್. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಟ್ರ್ಯಾಕ್ಟರ್ ಎಂದರೆ ತಾನೇ ಸರಕು ಹೊರಲು ನಿರ್ಮಾಣವಾಗದ ವಾಹನ ಎಂಬುದು ಅದೇ ಕಾಯ್ದೆಯ ವ್ಯಾಖ್ಯೆ. ಹೀಗಾಗಿ ರಸ್ತೆಯಲ್ಲಿ ಒಂದಾಗಿ ಕಾಣುವ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಕಾಯ್ದೆಯ ಕಣ್ಣಿನಲ್ಲಿ ಎರಡು ಬೇರೆ ಬೇರೆ ವಾಹನಗಳು. ಗ್ರಾಮೀಣ ಭಾಗದಲ್ಲಿ ಇದನ್ನು ಟ್ರಾಲಿ, ಟ್ರೈಲರ್ ಎಂದೂ ಕರೆಯುತ್ತಾರೆ.

ಟ್ರೇಲರ್‌ಗಳಲ್ಲಿ ಮುಖ್ಯವಾಗಿ ಎರಡು ವಿಧ. ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ. ಎರಡು ಚಕ್ರದ ಟ್ರೇಲರ್‌ನಲ್ಲಿ ಭಾರದ ಒಂದು ಪಾಲು ಟ್ರ್ಯಾಕ್ಟರ್‌ನ ಹಿಂಬದಿಯ ಕೊಂಡಿಯ ಮೇಲೆ ಕೂರುತ್ತದೆ. ಎತ್ತಿನ ಗಾಡಿ ಹೂಡಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಗಾಡಿ ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರ್ಯಾಕ್ಟರ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ಹಿಂಭಾರವಾದ ಟ್ರೇಲರ್ ಟ್ರ್ಯಾಕ್ಟರ್‌ನ ಹಿಂಚಕ್ರಗಳನ್ನು ಮೇಲಕ್ಕೆತ್ತಿ ನೆಲದ ಹಿಡಿತವನ್ನು ಕಡಿಮೆ ಮಾಡುತ್ತದೆ, ಓಡುವಾಗ ಅತ್ತಿತ್ತ ಓಲಾಡುತ್ತದೆ. ಅತಿಯಾದ ಮುಂಭಾರ ಟ್ರ್ಯಾಕ್ಟರ್‌ನ ಮುಂಚಕ್ರಗಳನ್ನು ಹಗುರಗೊಳಿಸಿ ಸ್ಟೇರಿಂಗ್ ಮಾತು ಕೇಳದಂತೆ ಮಾಡುತ್ತದೆ.

ಕಬ್ಬಿಗೇಕೆ ಇಷ್ಟು ಅವಸರ?

ಕಬಿನಿ ಮತ್ತು ಕಾವೇರಿ ನಾಲೆಗಳ ನೀರುಂಡ ಈ ಭಾಗದಲ್ಲಿ ಭತ್ತದ ಜತೆಗೆ ಕಬ್ಬು ಪ್ರಮುಖ ಬೆಳೆ. ನಂಜನಗೂಡು ತಾಲ್ಲೂಕಿನ ಅಳಗಂಚಿ ಹಾಗೂ ನೆರೆಯ ಚಾಮರಾಜನಗರ ಜಿಲ್ಲೆಯ ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಉತ್ತರ ಕರ್ನಾಟಕದ ಕಾರ್ಖಾನೆಗಳು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ ಅರೆಯಲು ಆರಂಭಿಸಿದರೆ, ಹಳೇ ಮೈಸೂರು ಭಾಗದಲ್ಲಿ ಮಳೆಗಾಲದಲ್ಲಿಯೇ ಕಬ್ಬು ಅರೆಯುವುದುಂಟು. ಅಂದರೆ ಕೆಸರಿನ ದಿನಗಳಲ್ಲಿಯೇ ಸಾಗಣೆಯ ಭರಾಟೆ ಶುರುವಾಗುತ್ತದೆ.

ಕಟಾವು ಮಾಡಿದ ಕಬ್ಬು ಕಾಯುವುದಿಲ್ಲ. ಗಂಟೆಗಳು ಕಳೆದಂತೆ ನೀರಿನಂಶ ಆರಿ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕುಗ್ಗುತ್ತದೆ. ಆದ್ದರಿಂದ ಒಂದೆರಡು ದಿನಗಳೊಳಗೆ ಅದು ಕಾರ್ಖಾನೆಯ ತೂಕದ ಸೇತುವೆ ಏರಲೇಬೇಕು. 2025–26ನೇ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ), ಶೇ 10.25ರ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ರೈತನ ಪಾಲಿಗೆ ತೂಕವೇ ಹಣ. ಕಟಾವು ಮತ್ತು ಸಾಗಣೆಯ ವೆಚ್ಚ ಈ ಹಣದಿಂದಲೇ ಮುರಿದುಕೊಳ್ಳಲ್ಪಡುತ್ತದೆ ಎಂಬುದು ಬೆಳೆಗಾರರ ಹಳೆಯ ದೂರು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರಾದ ಶಾಂತಕುಮಾರ್ ನೇತೃತ್ವದ ಕಬ್ಬು ಬೆಳೆಗಾರರ ಸಂಘವು ಈ ವಿಷಯವನ್ನು ವರ್ಷಗಳಿಂದ ಎತ್ತುತ್ತಾ ಬಂದಿದೆ.

ಸಾಗಣೆಯ ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವಾಗ ಒಂದು ಸಲಕ್ಕೆ ಸಾಧ್ಯವಾದಷ್ಟೂ ಹೆಚ್ಚು ತುಂಬುವ ಆಸೆ ಸಹಜ. ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಗಂಟೆಗಟ್ಟಲೆ ಕಾದು, ನಿದ್ದೆಗೆಟ್ಟು, ಮತ್ತೊಂದು ಲೋಡಿಗೆ ಹೊರಡುವ ಚಾಲಕನ ದಣಿವೂ ಇದರೊಂದಿಗೆ ಸೇರಿಕೊಳ್ಳುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಒಂದೇ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿ ಎಳೆಯುವ ರೂಢಿಯ ಹಿಂದೆಯೂ ಇದೇ ಆರ್ಥಿಕ ಲೆಕ್ಕಾಚಾರವಿದೆ.

ಭಾರದ ಲೆಕ್ಕ

ನಮ್ಮ ರೈತರು ಬಳಸುವ 40ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರ್‌ನ ತೂಕ ಸುಮಾರು ಎರಡು ಟನ್. ಅದರ ಹಿಂದೆ ಕಬ್ಬು ತುಂಬಿದ ಟ್ರೇಲರ್‌ನ ಒಟ್ಟು ತೂಕ 12 ಟನ್ ಎಂದಿಟ್ಟುಕೊಳ್ಳೋಣ. ಕೆಳ ಗೇರಿನಲ್ಲಿ ಇಷ್ಟು ಭಾರವನ್ನು ಎಳೆಯಲು ಟ್ರ್ಯಾಕ್ಟರ್‌ಗೆ ಕಷ್ಟವಿಲ್ಲ. ಚಾಲಕರಲ್ಲಿ ತಪ್ಪು ಧೈರ್ಯ ಮೂಡುವುದು ಇಲ್ಲಿಯೇ. ಎಳೆಯಬಲ್ಲ ಟ್ರ್ಯಾಕ್ಟರ್ ನಿಲ್ಲಿಸಲೂ ಬಲ್ಲದು ಎಂಬ ನಂಬಿಕೆ ನಿಜವಲ್ಲ.

ನಮ್ಮಲ್ಲಿನ ಬಹುತೇಕ ಟ್ರ್ಯಾಕ್ಟರ್‌ಗಳ ಬ್ರೇಕ್ ಹಿಡಿಯುವುದು ಹಿಂಚಕ್ರಗಳಿಗೆ ಮಾತ್ರ. ಹೆಚ್ಚಿನ ಟ್ರೇಲರ್‌ಗಳಲ್ಲಿ ಬ್ರೇಕ್ ವ್ಯವಸ್ಥೆಯೇ ಇರುವುದಿಲ್ಲ. ನೂರು ಅಡಿಗೆ ಐದು ಅಡಿ ಇಳಿಯುವ ಸಾಧಾರಣ ಇಳಿಜಾರಿನಲ್ಲಿ 12 ಟನ್‌ನ ಟ್ರೇಲರ್ ಸುಮಾರು 600 ಕಿಲೋ ಭಾರದಷ್ಟು ಬಲದಿಂದ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಚಾಲಕ ಗಾಬರಿಯಿಂದ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ನಿಧಾನಿಸುತ್ತದೆ, ಟ್ರೇಲರ್ ನಿಧಾನಿಸುವುದಿಲ್ಲ. ಆಗ ಇವೆರಡೂ ಕೊಂಡಿಯ ಬಳಿ ಚೂರಿಯಂತೆ ಮಡಚಿಕೊಂಡು ಮಗುಚುತ್ತವೆ. ವೇಗ ಹೆಚ್ಚಾದಂತೆ ಅಪಾಯ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, 20 ಕಿ.ಮೀ. ವೇಗವನ್ನು 40ಕ್ಕೆ ಏರಿಸಿದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಇಳಿಜಾರಿನಲ್ಲಿ ಪಾಲಿಸಬೇಕಾದ ಕ್ರಮ ಸರಳ. ಇಳಿಯುವ ಮುನ್ನವೇ ಕೆಳ ಗೇರಿಗೆ ಬರಬೇಕು. ಇಳಿಯುವಾಗ ಕ್ಲಚ್ ಒತ್ತಬಾರದು, ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಲೇಬಾರದು. ಎಂಜಿನ್‌ನ ಹಿಡಿತ ತಪ್ಪಿದ ಕ್ಷಣದಿಂದ ವಾಹನವನ್ನು ನಡೆಸುವುದು ಚಾಲಕನಲ್ಲ, ಹಿಂದಿನ ಭಾರ.

ಟ್ರ್ಯಾಕ್ಟರ್‌ಗೆ ಎರಡು ಬ್ರೇಕ್ ಪೆಡಲ್‌ಗಳಿರುವುದು ಅನೇಕ ನಗರವಾಸಿಗಳಿಗೆ ಗೊತ್ತಿರಲಾರದು. ಉಳುಮೆ ಮಾಡುವಾಗ ಸಾಲಿನ ಕೊನೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು ಎಡ ಮತ್ತು ಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಬೇಕಾಗುತ್ತದೆ. ರಸ್ತೆಗೆ ಬಂದಾಗ ಈ ಎರಡೂ ಪೆಡಲ್‌ಗಳನ್ನು ಅವುಗಳ ನಡುವಿನ ಚಿಕ್ಕ ಪಟ್ಟಿಯಿಂದ ಜೋಡಿಸಬೇಕು. ಗದ್ದೆಯಿಂದ ನೇರ ಹೆದ್ದಾರಿಗೆ ಬಂದ ಚಾಲಕ ಇದನ್ನು ಮರೆತರೆ, ತುರ್ತಾಗಿ ಬ್ರೇಕ್ ಹಾಕಿದಾಗ ಒಂದೇ ಚಕ್ರ ನಿಂತು ಇಡೀ ವಾಹನ ಪಕ್ಕಕ್ಕೆ ತಿರುಗಿಬಿಡುತ್ತದೆ.

ನಾಲೆ ಏರಿಯಿಂದ ಹೆದ್ದಾರಿಯವರೆಗೆ

ಕಬ್ಬಿನ ಪಯಣ ಆರಂಭವಾಗುವುದು ಟಾರು ರಸ್ತೆಯಲ್ಲಲ್ಲ. ಮೊದಲು ಗದ್ದೆಯ ಕೆಸರು, ನಂತರ ನಾಲೆ ಏರಿಯ ಮಣ್ಣಿನ ಹಾದಿ, ಆಮೇಲೆ ಗುಂಡಿ ಬಿದ್ದ ಗ್ರಾಮೀಣ ರಸ್ತೆ, ಕೊನೆಗೆ ಹೆದ್ದಾರಿ. ಪ್ರತಿ ಹಂತದ ಅಪಾಯವೂ ಬೇರೆ.

ಗದ್ದೆಯಿಂದ ಏರಿ ಹತ್ತುವಾಗ ಟ್ರ್ಯಾಕ್ಟರ್‌ನ ಮುಂಚಕ್ರಗಳು ಮೇಲೇಳುವುದು ಹೆಚ್ಚಿನವರು ಕಂಡಿರುವ ದೃಶ್ಯ. ಕೆಲವರು ಇದನ್ನು ಸಾಹಸವೆಂದು ಭಾವಿಸುತ್ತಾರೆ. ಆದರೆ ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಲು ಒಂದೆರಡು ಸೆಕೆಂಡು ಸಾಕು. ಚಾಲಕನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ. ಕೊಂಡಿಯನ್ನು ಹಿಂಚಕ್ರದ ಅಚ್ಚಿಗಿಂತ ಎತ್ತರದ ಜಾಗಕ್ಕೆ ಸಿಕ್ಕಿಸಿ ಎಳೆದಾಗ ಈ ಅಪಾಯ ಅತಿ ಹೆಚ್ಚು. ಎಳೆಯುವ ಕೊಂಡಿ ಯಾವಾಗಲೂ ತಯಾರಕರು ಒದಗಿಸಿದ ಕೆಳಗಿನ ಜಾಗದಲ್ಲಿಯೇ ಇರಬೇಕು. ಏರಿ ಕಡಿದಾಗಿದ್ದರೆ ಅರ್ಧ ಲೋಡು ಹೊರತಂದು, ಉಳಿದದ್ದನ್ನು ರಸ್ತೆ ಬದಿಯಲ್ಲಿ ತುಂಬುವುದು ಕ್ಷೇಮ.

ನಾಲೆ ಏರಿಯ ಅಂಚು ಮಳೆಯಲ್ಲಿ ನೆನೆದು ಮೆತ್ತಗಾಗಿರುತ್ತದೆ. ಟ್ರ್ಯಾಕ್ಟರ್ ಗಟ್ಟಿ ನೆಲದಲ್ಲಿದ್ದರೂ ತಿರುವಿನಲ್ಲಿ ಟ್ರೇಲರ್‌ನ ಚಕ್ರ ಒಳಭಾಗಕ್ಕೆ ಸರಿಯುವುದರಿಂದ ಅಂಚು ಕುಸಿಯಬಹುದು. ತಿರುವನ್ನು ಅಗಲವಾಗಿ ತೆಗೆದುಕೊಳ್ಳುವುದೊಂದೇ ಇದಕ್ಕೆ ಉಪಾಯ.

ಗುಂಡಿಯ ರಸ್ತೆಯಲ್ಲಿ ಭಾರ ಎಳೆಯುವ ಸಮಸ್ಯೆ ನಮ್ಮದಷ್ಟೇ ಅಲ್ಲ. 1942ರಲ್ಲಿ ಅಮೆರಿಕದ ಸೇನೆ ನಿರ್ಮಿಸಿದ ಅಲಾಸ್ಕಾ ಹೆದ್ದಾರಿ, ಕೆನಡಾದ ಉತ್ತರ ತುದಿಯತ್ತ ಸಾಗುವ, 1979ರಲ್ಲಿ ತೆರೆದ ಜಲ್ಲಿಯ ಡೆಂಪ್‌ಸ್ಟರ್ ಹೆದ್ದಾರಿ ಮೊದಲಾದ ನಿರ್ಜನ ರಸ್ತೆಗಳಲ್ಲಿ ಪ್ರವಾಸಿಗರು ಮನೆಯಂಥ ಟ್ರೇಲರ್‌ಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿ ಒಟ್ಟು ಭಾರದ ಶೇ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು, ಕೊಂಡಿ ಕಳಚಿದರೂ ಟ್ರೇಲರ್ ಬೇರ್ಪಡದಂತೆ ಸುರಕ್ಷತಾ ಸರಪಳಿ ಇರಬೇಕು, ರಸ್ತೆ ಕೆಟ್ಟಷ್ಟೂ ವೇಗ ತಗ್ಗಬೇಕು ಎಂಬ ಪಾಠವನ್ನು ಹೊಸಬರಿಗೆ ಮೊದಲೇ ಹೇಳಿಕೊಡುತ್ತಾರೆ. ಅಲುಗಾಟಕ್ಕೆ ಸಡಿಲವಾಗುವ ನಟ್ಟು ಬೋಲ್ಟುಗಳನ್ನು ದಾರಿಯಲ್ಲಿ ನಿಲ್ಲಿಸಿ ಬಿಗಿಗೊಳಿಸುವುದು ಅಲ್ಲಿನ ವಾಡಿಕೆ. ರಜೆ ಕಳೆಯಲು ಹೊರಟವರು ಪಾಲಿಸುವ ಈ ಎಚ್ಚರಿಕೆ, ಅದಕ್ಕಿಂತ ಎಷ್ಟೋ ಪಟ್ಟು ಭಾರ ಎಳೆಯುವ ನಮ್ಮಲ್ಲಿ ಇನ್ನೂ ಹೆಚ್ಚು ಅಗತ್ಯ.

ಇರುಳಿನಲ್ಲಿ ಏನಾಗುತ್ತದೆ?

ಕಾರೊಂದು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಅಡೆತಡೆ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಮತ್ತೆ ಸುಮಾರು 35 ಮೀಟರ್ ಬೇಕು. ಒಟ್ಟು 68 ಮೀಟರ್. ಮಂದ ಬೆಳಕಿನ ಹೆಡ್‌ಲೈಟ್‌ನಲ್ಲಿ ದೀಪವಿಲ್ಲದ ಕಬ್ಬಿನ ರಾಶಿ ಕಾಣುವುದು ಬಹುಶಃ 40–50 ಮೀಟರ್ ದೂರದಿಂದ. ಎದುರಿನ ವಾಹನದ ಪ್ರಖರ ಬೆಳಕು ಕಣ್ಣಿಗೆ ಬಿದ್ದರೆ ಅಷ್ಟೂ ಇಲ್ಲ. ಟ್ರೇಲರ್ ಚಲಿಸುತ್ತಿದ್ದರೆ ಕೂದಲೆಳೆಯಲ್ಲಿ ಪಾರಾಗಬಹುದು. ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿದ್ದರೆ ಎಷ್ಟೇ ನುರಿತ ಚಾಲಕನಾದರೂ ಡಿಕ್ಕಿ ತಪ್ಪಿಸುವುದು ಕಷ್ಟ. ಬೈಕ್ ಸವಾರನಿಗಂತೂ ಚಾಚಿಕೊಂಡ ಕಬ್ಬಿನ ತುದಿಗಳೇ ಮಾರಕ.

ನಂಜನಗೂಡಿನ ರಸ್ತೆಗೆ ಮತ್ತೊಂದು ವಿಶೇಷವಿದೆ. ಕೋಯಿಕ್ಕೋಡ್‌ನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರದ ಮೂಲಕ ಕೊಳ್ಳೇಗಾಲ ಸೇರುವ ರಾಷ್ಟ್ರೀಯ ಹೆದ್ದಾರಿ 766ರ (ಹಿಂದಿನ 212) ಬಂಡೀಪುರ ಅರಣ್ಯ ಭಾಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿರ್ಬಂಧವಿದೆ. 2009ರಲ್ಲಿ ಜಾರಿಗೆ ಬಂದ ಈ ನಿರ್ಬಂಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ವನ್ಯಜೀವಿಗಳ ರಕ್ಷಣೆಗೆ ಇದು ಅಗತ್ಯ. ಆದರೆ ಗೇಟು ಮುಚ್ಚುವ ಮುನ್ನ ಕಾಡು ದಾಟಬೇಕೆಂಬ ಆತುರದಲ್ಲಿರುವ ಕಾರುಗಳು ನಂಜನಗೂಡು ಹಾಯುವುದು ಮುಸ್ಸಂಜೆಯಲ್ಲಿ. ದಿನದ ಕಟಾವು ಮುಗಿಸಿದ ಟ್ರೇಲರ್‌ಗಳು ರಸ್ತೆಗಿಳಿಯುವುದೂ ಅದೇ ಹೊತ್ತಿನಲ್ಲಿ.

ಕಾಯ್ದೆ ಏನು ಹೇಳುತ್ತದೆ?

* ನೋಂದಣಿ: ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರ್‌ನ ಸಂಖ್ಯೆ ಅದರ ಬದಿಯಲ್ಲಿಯೂ, ಎಳೆಯುವ ವಾಹನದ ಸಂಖ್ಯೆ ಟ್ರೇಲರ್‌ನ ಮೇಲೆಯೂ (ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ಟ್ರೇಲರ್ ಮೇಲೆ) ಕಾಣಬೇಕು.

* ಪ್ರತಿಫಲಕ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂಭಾಗದಲ್ಲಿ ಕೆಂಪು, ಮುಂಭಾಗದಲ್ಲಿ ಬಿಳಿ, ಬದಿಗಳಲ್ಲಿ ಹಳದಿ. ಜನಬಳಕೆಯಲ್ಲಿ ಇದಕ್ಕೆ ‘ರೇಡಿಯಂ’ ಎಂದೇ ಹೆಸರು. ಹಂಗಾಮಿನ ಆರಂಭದಲ್ಲಿ ಪೊಲೀಸರು ಟ್ರೇಲರ್‌ಗಳಿಗೆ ಇದನ್ನು ಅಂಟಿಸುವ ಅಭಿಯಾನ ನಡೆಸುವುದುಂಟು. ಆದರೆ ಒಂದು ವಾರದ ಕೆಸರು ಸಾಕು, ಅದು ಮುಚ್ಚಿಹೋಗಲು.

* ಅಧಿಕ ಭಾರ: 2019ರ ತಿದ್ದುಪಡಿಯ ನಂತರ 194ನೇ ಸೆಕ್ಷನ್ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಸರಕು ಮಿತಿಮೀರಿ ಬದಿಗೆ, ಹಿಂದಕ್ಕೆ ಅಥವಾ ಮೇಲಕ್ಕೆ ಚಾಚಿಕೊಂಡಿದ್ದರೂ 20,000 ರೂಪಾಯಿ ದಂಡ.

* ನಿಲುಗಡೆ: 122ನೇ ಸೆಕ್ಷನ್ ಟ್ರೇಲರನ್ನು ಹೆಸರಿಸಿಯೇ, ಅಪಾಯವಾಗುವ ರೀತಿಯಲ್ಲಿ ರಸ್ತೆಯಲ್ಲಿ ಬಿಟ್ಟುಹೋಗುವುದನ್ನು ನಿಷೇಧಿಸಿದೆ.

* ಲೈಸೆನ್ಸ್: ಟ್ರ್ಯಾಕ್ಟರ್ ಓಡಿಸಲು ಅರ್ಹತೆಯಿರುವ ಚಾಲಕನ ಲೈಸೆನ್ಸ್, ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅಮಾನ್ಯವಾಗುವುದಿಲ್ಲ ಎಂದು ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ನೀಡಿದೆ.

* ವಿಮೆ: ಟ್ರ್ಯಾಕ್ಟರ್‌ಗೆ ವಿಮೆ ಇದ್ದ ಮಾತ್ರಕ್ಕೆ ಟ್ರೇಲರ್‌ಗೂ ಇದೆ ಎಂದು ಭಾವಿಸುವಂತಿಲ್ಲ. ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ಅಪಘಾತದ ನಂತರದ ಪರಿಹಾರ ವರ್ಷಗಟ್ಟಲೆ ವ್ಯಾಜ್ಯದಲ್ಲಿ ಸಿಲುಕಬಹುದು, ಜಮೀನು ಮಾರಬೇಕಾದ ಸ್ಥಿತಿಯೂ ಬರಬಹುದು.

ಜಾತ್ರೆಗೆ ಟ್ರೇಲರ್ ಬೇಡ

ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ ಜಾತ್ರೆಗಳ ಸಮಯದಲ್ಲಿ ಟ್ರೇಲರ್‌ನಲ್ಲಿ ಕುಟುಂಬ ಸಮೇತ ಹೊರಡುವ ಅಭ್ಯಾಸ ಹಳ್ಳಿಗಳಲ್ಲಿ ಇಂದಿಗೂ ಇದೆ. ಮದುವೆ ದಿಬ್ಬಣಕ್ಕೂ, ಕೂಲಿಯಾಳುಗಳ ಸಾಗಣೆಗೂ ಅದೇ ವಾಹನ. ಟ್ರೇಲರ್ ಮಗುಚಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕಬ್ಬಿನ ಲೋಡಿನ ಮೇಲೆ ಕುಳಿತು ಬರುವವರ ಗತಿ ಇನ್ನೂ ಕಷ್ಟ.

ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬುದು 2002ರ ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ಸರಕಿನ ಮಾಲೀಕ ಅಥವಾ ಆತನ ಅಧಿಕೃತ ಪ್ರತಿನಿಧಿಗೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿಯುಂಟು. ನೆರೆಯವರನ್ನು ಉಪಕಾರಕ್ಕೆಂದು ಕರೆದೊಯ್ದ ರೈತನೇ ಕೊನೆಗೆ ಪರಿಹಾರದ ಹೊರೆ ಹೊರಬೇಕಾಗಬಹುದು.

ಹೊರಡುವ ಮುನ್ನ ಹತ್ತು ನಿಮಿಷ

1. ಕೊಂಡಿಯ ಪಿನ್ನು ಸವೆದಿದೆಯೇ, ಅದು ಮೇಲಕ್ಕೆ ಜಿಗಿಯದಂತೆ ತಡೆಯುವ ಚಿಕ್ಕ ಪಿನ್ನು ಇದೆಯೇ ನೋಡಿ. ಮೊಳೆ, ತಂತಿ ಸಿಕ್ಕಿಸಿ ಕಾಲ ಕಳೆಯಬೇಡಿ. ಜತೆಗೊಂದು ಗಟ್ಟಿ ಸರಪಳಿ ಇರಲಿ.
2. ಎರಡೂ ಬ್ರೇಕ್ ಪೆಡಲ್ ಜೋಡಿಸಿ, ಒಮ್ಮೆ ಒತ್ತಿ ಪರೀಕ್ಷಿಸಿ.
3. ಟೈರುಗಳ ಗಾಳಿ ಸಮನಾಗಿರಲಿ. ಒಂದು ಬದಿ ಕುಗ್ಗಿದರೆ ಎತ್ತರದ ಲೋಡು ಅತ್ತಲೇ ವಾಲುತ್ತದೆ. ಚಕ್ರದ ನಟ್ಟುಗಳನ್ನು ಬಿಗಿಗೊಳಿಸಿ.
4. ಭಾರ ಅಚ್ಚಿನ ಮೇಲೆ ಬರುವಂತೆ, ಸ್ವಲ್ಪ ಮುಂದಕ್ಕೆ ವಾಲುವಂತೆ ಜೋಡಿಸಿ. ಹಗ್ಗ ಅಥವಾ ಸರಪಳಿಯಿಂದ ಬಿಗಿದು ಕಟ್ಟಿ.
5. ವಿದ್ಯುತ್ ತಂತಿಗಳು ಜೋತುಬಿದ್ದಿರುವ ದಾರಿಯಲ್ಲಿ ಲೋಡಿನ ಎತ್ತರ ನೆನಪಿರಲಿ.
6. ಹಿಂಬದಿಯ ದೀಪ, ಪ್ರತಿಫಲಕಗಳನ್ನು ಒರೆಸಿ. ಸೋಗೆ ಅವುಗಳ ಮೇಲೆ ಇಳಿಬಿದ್ದಿದ್ದರೆ ಕತ್ತರಿಸಿ.
7. ಹಾಡಿನ ಅಬ್ಬರ ತಗ್ಗಿಸಿ. ಹಿಂದಿನ ವಾಹನದ ಹಾರ್ನ್ ಕೇಳದಂತೆ ಧ್ವನಿವರ್ಧಕ ಹಾಕಿ ಓಡಿಸುವುದು ಕೂಡ ಅಪಘಾತಕ್ಕೆ ಆಹ್ವಾನವೇ.

ದಾರಿಯಲ್ಲಿ ಕೆಟ್ಟು ನಿಂತರೆ ವಾಹನವನ್ನು ಆದಷ್ಟೂ ರಸ್ತೆಯಿಂದ ಕೆಳಗಿಳಿಸಬೇಕು. ಸಾಧ್ಯವಾಗದಿದ್ದರೆ ಕನಿಷ್ಠ 50 ಹೆಜ್ಜೆ ಹಿಂದೆ ಪ್ರತಿಫಲಿಸುವ ತ್ರಿಕೋನ ಇಟ್ಟು, ಟಾರ್ಚ್ ಹಿಡಿದು ಒಬ್ಬರು ರಸ್ತೆಯ ಬದಿಯಲ್ಲಿ ನಿಲ್ಲಬೇಕು. ಚಕ್ರಕ್ಕೆ ಅಡ್ಡ ಕೊಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟುಹೋಗಬಾರದು. ಮರುಕ್ಷಣವೇ ಬರುವ ಬೈಕ್ ಸವಾರನಿಗೆ ಅವೇ ಯಮ.

ಹಿಂದೆ ಬರುವವರ ಜವಾಬ್ದಾರಿ

ಹೊಣೆ ಟ್ರ್ಯಾಕ್ಟರ್ ಚಾಲಕನದ್ದು ಮಾತ್ರವಲ್ಲ. ಹಂಗಾಮಿನಲ್ಲಿ ಈ ರಸ್ತೆಗಳಲ್ಲಿ ರಾತ್ರಿ ಸಂಚರಿಸುವವರು 60 ಕಿ.ಮೀ. ದಾಟದಿರುವುದು ಒಳಿತು. ರಸ್ತೆಯಲ್ಲಿ ಬಿದ್ದ ಕಬ್ಬಿನ ಜಲ್ಲೆ, ಸೋಗೆ ಕಂಡರೆ ಮುಂದೆ ಟ್ರೇಲರ್ ಇದೆ ಎಂದೇ ತಿಳಿಯಬೇಕು. ಹಿಂದಿಕ್ಕುವಾಗ ಟ್ರೇಲರ್‌ನ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲೋಡಿನ ಮರೆಯಲ್ಲಿ ಕನ್ನಡಿಯೇ ಕಾಣದ ಚಾಲಕನಿಗೆ ನೀವು ಬರುತ್ತಿರುವುದು ತಿಳಿದಿಲ್ಲ ಎಂದು ಭಾವಿಸುವುದೇ ಸರಿ. ಬಲಕ್ಕೆ ತಿರುಗುವ ಅಡ್ಡರಸ್ತೆಯ ಬಳಿ ಹಿಂದಿಕ್ಕುವುದು ಬೇಡ. ಚಲಿಸುವ ಟ್ರೇಲರ್‌ನಿಂದ ಜಲ್ಲೆ ಎಳೆಯಲು ಮಕ್ಕಳನ್ನು ಬಿಡಬಾರದು. ಅಪಘಾತ ಕಂಡರೆ 112 ಅಥವಾ 108ಕ್ಕೆ ಕರೆ ಮಾಡಿ. ನೆರವಾದವರನ್ನು ಸತಾಯಿಸದಂತೆ 2019ರ ತಿದ್ದುಪಡಿ ರಕ್ಷಣೆ ನೀಡಿದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು ಎನ್ನುತ್ತದೆ ಕೇಂದ್ರ ಸರ್ಕಾರದ ವರದಿ. ಇದರ ಮುಂದೆ ಒಂದು ರೇಡಿಯಂ ಪಟ್ಟಿಯ ಬೆಲೆ ತೀರಾ ಚಿಕ್ಕದು. ನಂಜನಗೂಡಿನಲ್ಲಿ 1735ರಲ್ಲಿ ಕಟ್ಟಿದ ಕಪಿಲಾ ನದಿಯ ಹಳೆಯ ಸೇತುವೆಯ ಮೇಲೆ ಒಂದು ಕಾಲದಲ್ಲಿ ಎತ್ತಿನ ಗಾಡಿಗಳು ಸಾಲುಗಟ್ಟಿ ಸಾಗುತ್ತಿದ್ದವು. ರಾತ್ರಿ ಹೊರಟ ಗಾಡಿಯ ಅಡಿಯಲ್ಲಿ ಲಾಟೀನು ತೂಗುಹಾಕುವುದನ್ನು ಗಾಡಿಯವರು ಮರೆಯುತ್ತಿರಲಿಲ್ಲ. ಎತ್ತುಗಳ ಜಾಗಕ್ಕೆ 50 ಅಶ್ವಶಕ್ತಿಯ ಎಂಜಿನ್ ಬಂದಿದೆ, ಭಾರ ಹತ್ತು ಪಟ್ಟಾಗಿದೆ. ಹಿಂದಿನವರಿಗೆ ಕಾಣುವಂತೆ ಒಂದು ದೀಪ ಹಚ್ಚುವ ಆ ಹಳೆಯ ಅಭ್ಯಾಸ ಮಾತ್ರ ಮರಳಿ ಬರಬೇಕಿದೆ.